ಟೈಟಲ್ ಕಂಪನಿ: ಅಲ್ಲಿ ಕೂತವರು ಯಾರು, ನಮ್ಮ ದುಡ್ಡು ಯಾರಿಗೆ?

ನೀವು ಎರಡು ವಿಷಯ ಕೇಳಿದ್ದೀರಿ. ಟೆಕ್ಸಾಸ್‌ನ ಫ್ರಿಸ್ಕೋದಲ್ಲಿ ಮನೆ ನೋಡಿಟ್ಟಿದ್ದೀರಿ. ನಿಮ್ಮ ರಿಯಲ್ಟರ್ "ನನಗೆ ಗೊತ್ತಿರೋ ಟೈಟಲ್ ಕಂಪನಿ ಇದೆ, ಇನ್ಶೂರೆನ್ಸ್ ಕಮ್ಮಿಗೆ ಮಾಡಿಸಿಕೊಡ್ತೀನಿ" ಅಂದಿದ್ದಾರೆ, ಒಪ್ಪಬಹುದಾ? ಇನ್ನೊಂದು, ಬೆಂಗಳೂರಿನಲ್ಲಿ ವಕೀಲರ ಹತ್ತಿರ ಪತ್ರ ಪರಿಶೀಲನೆ ಮಾಡ್ತಿದ್ದ ನಿಮ್ಮ ಮನೆಯವರು ಇಲ್ಲಿ ಟೈಟಲ್ ಲೈಸೆನ್ಸ್ ತಗೊಂಡು ಏಜೆನ್ಸಿ ಶುರು ಮಾಡಬಹುದಾ?

ಟೈಟಲ್ ಅಂದರೆ ಆಸ್ತಿಯ ಒಡೆತನದ ಹಕ್ಕು. ಆ ಹಕ್ಕಿನಲ್ಲಿ ದೋಷ ಹೊರಬಿದ್ದರೆ ನಷ್ಟ ತುಂಬಿಕೊಡೋದು ಟೈಟಲ್ ಇನ್ಶೂರೆನ್ಸ್, ಅದನ್ನು ಮಾಡಿಸಿ ಕ್ರಯ ಮುಗಿಸಿಕೊಡೋದು ಟೈಟಲ್ ಕಂಪನಿ. "ಕಮ್ಮಿಗೆ" ಅನ್ನೋ ಮಾತನ್ನು ಮೊದಲು ತೆಗೆದು ಪಕ್ಕಕ್ಕಿಡಿ. ಟೆಕ್ಸಾಸ್‌ನಲ್ಲಿ ಟೈಟಲ್ ಪ್ರೀಮಿಯಂ ಗೊತ್ತುಮಾಡುವುದು ರಾಜ್ಯದ ಇನ್ಶೂರೆನ್ಸ್ ಇಲಾಖೆ. ಮನೆಯ ಬೆಲೆಗೆ ತಕ್ಕ ದರ, ಯಾವ ಅಂಗಡಿಗೆ ಹೋದರೂ ಅದೇ ದರ. ಡಿಸ್ಕೌಂಟ್ ಕೊಡುವ ಹಾಗೇ ಇಲ್ಲ. ಗಿರಾಕಿ ಕಳಿಸಿದ್ದಕ್ಕೆ ರಿಯಲ್ಟರ್‌ಗೆ ಕಮಿಷನ್ ಕೊಟ್ಟರೆ ಅದೂ ತಪ್ಪು, ಮನೆ ವ್ಯವಹಾರದ ಖರ್ಚಿಗೆ ಅಂತಲೇ ಇರುವ 1974ರ ರೆಸ್ಪಾ ಕಾನೂನು ಬಿಡಲ್ಲ. ಬದಲಾಗುವುದು ಎಸ್ಕ್ರೋ ಫೀ (ವ್ಯವಹಾರ ಮುಗಿಯುವ ತನಕ ದುಡ್ಡು, ಪತ್ರ ಇಟ್ಟುಕೊಳ್ಳುವುದಕ್ಕೆ), ಕೊರಿಯರ್, ಆ ಫೀ ಈ ಫೀ ಅಷ್ಟೇ. ಅದಕ್ಕೆ ಎರಡು ಕಡೆ ಲಿಖಿತವಾಗಿ ಕೇಳಿ ನೋಡಿ. ಅಂದಹಾಗೆ ಓನರ್ ಪಾಲಿಸಿಯ, ಅಂದರೆ ಕೊಳ್ಳುವ ನಿಮ್ಮನ್ನು ಕಾಯುವ ಪಾಲಿಸಿಯ, ದುಡ್ಡನ್ನು ಮಾರುವವರ ಕೈಯಲ್ಲೇ ಕಟ್ಟಿಸುವ ರೂಢಿ ಇಲ್ಲಿ ಜಾಸ್ತಿ. ಕಾಂಟ್ರಾಕ್ಟ್‌ನಲ್ಲಿ ಯಾರ ಹೆಸರಿನ ಮುಂದೆ ಟಿಕ್ ಬಿದ್ದಿದೆ ನೋಡಿದ್ರಾ? ಸಾಲ ಕೊಡುವ ಬ್ಯಾಂಕಿನವರ ಪಾಲಿಸಿ ಬೇರೆ. ಎರಡನ್ನೂ ಒಟ್ಟಿಗೆ ತಗೊಂಡರೆ ಅದಕ್ಕೆ ಮೂಲದರ ಬರೀ 100 ಡಾಲರ್.

ಇನ್ನು ಅಲ್ಲಿ ಕೂತವರು ಯಾರು ಅನ್ನೋದು. ನೀವು ಸಹಿ ಹಾಕೋಕೆ ಹೋಗುವ ಕಚೇರಿ ಸಾಮಾನ್ಯವಾಗಿ ಇನ್ಶೂರೆನ್ಸ್ ಕಂಪನಿಯದ್ದಲ್ಲ, ಏಜೆನ್ಸಿಯದ್ದು. ಹಿಂದೆ ನಿಂತು ಹೊಣೆ ಹೊರುವವರು ಅಂಡರ್‌ರೈಟರ್: ಫಸ್ಟ್ ಅಮೆರಿಕನ್, ಫಿಡೆಲಿಟಿ, ಓಲ್ಡ್ ರಿಪಬ್ಲಿಕ್, ನಮ್ಮ ಹ್ಯೂಸ್ಟನ್‌ನ ಸ್ಟೀವರ್ಟ್, ಇಂಥವರು. ಮಜಾ ಏನು ಗೊತ್ತಾ? ಪ್ರೀಮಿಯಂನ ನೂರು ಡಾಲರ್‌ನಲ್ಲಿ 85 ಏಜೆನ್ಸಿಗೆ, 15 ಮಾತ್ರ ಅಂಡರ್‌ರೈಟರ್‌ಗೆ. ಹೊಣೆ ಹೊತ್ತವನಿಗೆ ಇಷ್ಟೇನಾ ಅಂತ ನನಗೂ ಅನ್ನಿಸಿತ್ತು. ಆದರೆ ಕಾರ್ ಇನ್ಶೂರೆನ್ಸ್ ಮುಂದೆ ಆಗುವ ಅಪಘಾತಕ್ಕೆ. ಇದು ಹೆಚ್ಚಾಗಿ ಹಿಂದೆ ಆಗಿಹೋದದ್ದಕ್ಕೆ. ಹಳೇ ಸಾಲ, ಬಾಕಿ ತೆರಿಗೆ, ಸಹಿ ಹಾಕದ ವಾರಸುದಾರ, ಇವನ್ನೆಲ್ಲ ಹುಡುಕಿ ತೊಳೆಯುವ ಕೆಲಸ ಏಜೆನ್ಸಿಯದ್ದು, ದುಡ್ಡು ಅದಕ್ಕೆ.

ನಮ್ಮೂರಿನಲ್ಲಿ ಏನು ಮಾಡ್ತೀವಿ? ಮೂಲಪತ್ರ, ಖಾತಾ, ಹಿಂದಿನ ಮೂವತ್ತು ವರ್ಷದ ಇಸಿ ತೆಗೆಸಿ ವಕೀಲರ ಅಭಿಪ್ರಾಯ ಬರೆಸ್ತೀವಿ. ಸಬ್ ರಿಜಿಸ್ಟ್ರಾರ್ ಪತ್ರ ನೋಂದಾಯಿಸ್ತಾರೆ, ಆದರೆ ಜಾಗ ನಿಮ್ಮದೇ ಅಂತ ಖಾತ್ರಿ ಕೊಡಲ್ಲ. ಇಲ್ಲಿನ ಕೌಂಟಿ ಕ್ಲರ್ಕ್ ಕಥೆಯೂ ಅದೇ. 1868ರಲ್ಲಿ ಪೆನ್ಸಿಲ್ವೇನಿಯಾದ ಒಂದು ಮೊಕದ್ದಮೆಯಲ್ಲಿ, ವಕೀಲರ ಅಭಿಪ್ರಾಯ ನಂಬಿ, ಕೊಂಡವನ ಪರವಾಗಿ ಪತ್ರ ಪರಿಶೀಲಿಸಿಕೊಟ್ಟವನದ್ದು ತಪ್ಪಿಲ್ಲ ಅಂತ ಕೋರ್ಟ್ ಹೇಳಿತು. ಕೊಂಡವನ ನಷ್ಟ ಕೊಂಡವನಿಗೇ. ಆಮೇಲೆ 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಟೈಟಲ್ ಇನ್ಶೂರೆನ್ಸ್ ಕಂಪನಿ ಹುಟ್ಟಿತು. ಒಂದೇ ಸಲ ಕಟ್ಟಿದರೆ ಮುಗೀತು, ಮನೆ ನಿಮ್ಮದಾಗಿರುವಷ್ಟು ಕಾಲ ಪಾಲಿಸಿ ಇರುತ್ತದೆ.

ಕೆಲವು ದಿನದಲ್ಲಿ ನಿಮಗೆ "ಟೈಟಲ್ ಕಮಿಟ್‌ಮೆಂಟ್" ಅಂತ ಒಂದು ಪಿಡಿಎಫ್ ಬರುತ್ತದೆ, ಯಾವ ಷರತ್ತಿನ ಮೇಲೆ ಪಾಲಿಸಿ ಕೊಡ್ತೀವಿ ಅಂತ ಅವರು ಬರೆದುಕೊಡುವುದು. ಎಲ್ಲರೂ ತೆರೆದು, ಹೆಸರು ನೋಡಿ, ಮುಚ್ಚಿಬಿಡ್ತಾರೆ. ನೀವು ಷೆಡ್ಯೂಲ್ ಬಿ ಮತ್ತು ಸಿ ಓದಲೇಬೇಕು. ಬಿ ಅಂದರೆ ಅವರು ಹೊಣೆ ಹೊರದ ಸಂಗತಿಗಳು. ಸಿ ಅಂದರೆ ಕ್ಲೋಸಿಂಗ್‌ಗೆ, ಅಂದರೆ ಸಹಿ ಹಾಕಿ ವ್ಯವಹಾರ ಮುಗಿಸುವುದಕ್ಕೆ, ಮುಂಚೆ ಬಗೆಹರಿಯಬೇಕಾದವು. ಬಿ ಪಟ್ಟಿಯಲ್ಲಿ ನೆಲದಡಿಯ ಎಣ್ಣೆ, ಗ್ಯಾಸ್‌ನ ಹಕ್ಕು ಬೇರೆಯವರದ್ದು ಅಂತ ಇದ್ದರೆ ಹೆದರಬೇಡಿ, ಟೆಕ್ಸಾಸ್‌ನಲ್ಲಿ ಇದು ಮಾಮೂಲು. ಗಡಿ ಮತ್ತು ವಿಸ್ತೀರ್ಣದ ತಕರಾರು ನಮ್ಮ ಹೊಣೆಯಲ್ಲ ಅಂತ ಒಂದು ಸಾಲು ಇರುತ್ತದೆ. ಒಪ್ಪುವಂಥ ಸರ್ವೇ ಇದ್ದು, ಪ್ರೀಮಿಯಂನ ಶೇಕಡ 5ರಷ್ಟು ಹೆಚ್ಚು ಕೊಟ್ಟರೆ ಅದನ್ನು ಬಹುಪಾಲು ತೆಗೆಸಬಹುದು. ಪಕ್ಕದವರ ಬೇಲಿ ಎರಡಡಿ ಒಳಗೆ ಬಂದ ಮೇಲೆ ಪರದಾಡುವ ಬದಲು ಇದನ್ನು ತಗೊಳ್ಳಿ ಅಂತ ನನ್ನ ಸಲಹೆ.

ಸಿ ಪಟ್ಟಿಯಲ್ಲಿ ನಾನೇ ಸಿಕ್ಕಿಬಿದ್ದಿದ್ದೆ. 2014ರಲ್ಲಿ ಪ್ಲೇನೋದ ಮನೆ ಕೊಳ್ಳುವಾಗ ನನ್ನ ಹೆಸರಿಗೆ ಒಂದು ಕೋರ್ಟ್ ಡಿಕ್ರಿ ತೋರಿಸಿತು, ಕ್ರೆಡಿಟ್ ಕಾರ್ಡ್ ಬಾಕಿ ಅಂತೆ! ಎದೆ ಧಸಕ್ ಅಂತು. ನೋಡಿದರೆ ಅದು ಇನ್ಯಾರೋ, ನಾನು ಈ ದೇಶಕ್ಕೆ ಕಾಲಿಡುವ ಮುಂಚಿನ ಸಾಲ. ನಮ್ಮ ಹೆಸರುಗಳು ಹೀಗೇ, ಊರಿನ ಹೆಸರು, ಅಪ್ಪನ ಹೆಸರು ಮಧ್ಯದಲ್ಲಿ ಸೇರಿ ಯಾವುದು ಸರ್‌ನೇಮ್ ಅಂತ ಅವರಿಗೆ ತಿಳಿಯಲ್ಲ. "ಆ ವ್ಯಕ್ತಿ ನಾನಲ್ಲ" ಅಂತ ಅಫಿಡವಿಟ್ ಬರೆದುಕೊಟ್ಟೆ. ಅದೇ ವಾರ ಇನ್ನೊಂದು. ನನ್ನ ಹೆಂಡತಿ ತನ್ನ ತಂಗಿಯ ಮದುವೆಗೆ ಮೈಸೂರಿಗೆ ಹೋಗಿದ್ದಳು. ವಾಸದ ಮನೆಯ ಅಡಮಾನಕ್ಕೆ ಇಲ್ಲಿ ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕು. ಮೈಸೂರಿನ ನೋಟರಿಯ ಮೊಹರು ಒತ್ತಿದ ಪವರ್ ಆಫ್ ಅಟಾರ್ನಿಯನ್ನು ಏಜೆನ್ಸಿ ಒಪ್ಪಲಿಲ್ಲ. ಆಗ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಇರಲಿಲ್ಲ. ಚೆನ್ನೈಗೆ ಹೋಗಿ, ಒಂದು ಮೊಹರಿಗೆ 50 ಡಾಲರ್ ಕೊಟ್ಟು ಮಾಡಿಸಿಕೊಂಡು ಬಂದಳು. ಕ್ಲೋಸಿಂಗ್ ಒಂಬತ್ತು ದಿನ ಮುಂದೆ ಹೋಯ್ತು. ನಿಮ್ಮಲ್ಲಿ ಯಾರಾದರೂ ಊರಿಗೆ ಹೋಗೋದಿದ್ದರೆ ಪವರ್ ಆಫ್ ಅಟಾರ್ನಿಯ ಕರಡನ್ನು ಏಜೆನ್ಸಿಗೆ ಮೊದಲೇ ತೋರಿಸಿ ಒಪ್ಪಿಸಿಕೊಳ್ಳಿ.

ಈಗ ನಿಮ್ಮ ಮನೆಯವರ ವಿಷಯ. ಲೈಸೆನ್ಸ್ ಎರಡು ಥರ. ಏಜೆನ್ಸಿಗೆ ಒಂದು, ಅದರಲ್ಲಿ ಕೂತು ಕ್ಲೋಸಿಂಗ್ ಮಾಡುವ ಎಸ್ಕ್ರೋ ಆಫೀಸರ್‌ಗೆ ಇನ್ನೊಂದು. ಏಜೆನ್ಸಿ ಶುರು ಮಾಡೋದು ಟ್ಯಾಕ್ಸ್ ಫೈಲಿಂಗ್ ಅಂಗಡಿ ಇಟ್ಟ ಹಾಗಲ್ಲ. ವ್ಯವಹಾರ ಮಾಡುವ ಪ್ರತಿ ಕೌಂಟಿಗೂ "ಪ್ಲಾಂಟ್" ಬೇಕು, ಸ್ವಂತದ್ದೋ ಬಾಡಿಗೆಯದ್ದೋ. ಅಂದರೆ ಆ ಕೌಂಟಿಯ ದಶಕಗಳ ಪತ್ರಗಳನ್ನು ಜಾಗದ ಪ್ರಕಾರ ಜೋಡಿಸಿದ ಕಡತ. ಫ್ರಿಸ್ಕೋ ಊರೊಂದೇ ಕಾಲಿನ್, ಡೆಂಟನ್ ಎರಡು ಕೌಂಟಿಯಲ್ಲಿ ಹರಡಿದೆ, ಲೆಕ್ಕ ಹಾಕಿ. ಮೇಲೆ ಪ್ರತಿ ವರ್ಷ ಎಸ್ಕ್ರೋ ಖಾತೆಯ ಆಡಿಟ್. ಎಸ್ಕ್ರೋ ಆಫೀಸರ್ ಆಗೋದು ಸುಲಭ, ಆದರೆ ಆ ಲೈಸೆನ್ಸ್ ಕೆಲಸಕ್ಕೆ ಅಂಟಿಕೊಂಡಿದ್ದು. ಸುಮ್ನೆ ತಗೊಂಡು ಗೋಡೆಗೆ ನೇತುಹಾಕೋಕೆ ಆಗಲ್ಲ, ಏಜೆನ್ಸಿಯವರು ಕೆಲಸಕ್ಕೆ ಸೇರಿಸಿಕೊಂಡು ನೇಮಿಸಬೇಕು. ಫ್ಲೋರಿಡಾದ ಗೆಳೆಯರು 40 ಗಂಟೆಯ ಕೋರ್ಸು, ಪರೀಕ್ಷೆ ಅಂದರೆ ಅದು ಅವರ ರಾಜ್ಯದ ನಿಯಮ. ಅಯೋವಾದಲ್ಲಂತೂ ಟೈಟಲ್ ಇನ್ಶೂರೆನ್ಸ್ ಮಾರೋ ಹಾಗೇ ಇಲ್ಲ, ರಾಜ್ಯವೇ ಖಾತ್ರಿ ಕೊಡುತ್ತದೆ.

ಎಲ್ಲಕ್ಕಿಂತ ಮುಂಚೆ ವೀಸಾ. ಅವರು ಎಚ್-4ರಲ್ಲಿದ್ದರೆ (ಎಚ್-1ಬಿಯವರ ಸಂಗಾತಿಯ ವೀಸಾ), ಸಾಮಾನ್ಯವಾಗಿ ನಿಮ್ಮ ಐ-140 (ಗ್ರೀನ್ ಕಾರ್ಡ್‌ಗೆ ನಿಮ್ಮ ಕಂಪನಿ ಹಾಕುವ ಅರ್ಜಿ) ಒಪ್ಪಿಗೆಯಾಗಿ ಅವರಿಗೆ ಇಎಡಿ, ಅಂದರೆ ಕೆಲಸದ ಪರವಾನಗಿ, ಬರುವ ತನಕ ಕೆಲಸದ ಮಾತೇ ಇಲ್ಲ. ಬಂದ ಮೇಲೆ ಯಾವುದಾದರೂ ಏಜೆನ್ಸಿಯಲ್ಲಿ ಎಸ್ಕ್ರೋ ಅಸಿಸ್ಟೆಂಟ್ ಆಗಿ, ಇಲ್ಲವೇ ಟೈಟಲ್ ಎಗ್ಸಾಮಿನರ್ (ಪತ್ರ ಪರಿಶೀಲಿಸುವವರು) ಕೈಕೆಳಗೆ ಸೇರಲಿ. ಇಸಿ ಓದಿ ಪಳಗಿದ ಕಣ್ಣಿಗೆ ಈ ಕೆಲಸ ಹೊಸದಲ್ಲ.

ಇನ್ನೊಂದು, ದುಡ್ಡು ವೈರ್ ಮಾಡುವ ಹಿಂದಿನ ದಿನ "ಖಾತೆ ಸಂಖ್ಯೆ ಬದಲಾಗಿದೆ" ಅಂತ ಈಮೇಲ್ ಬಂದರೆ ಅದನ್ನು ಮೋಸ ಅಂತಲೇ ತಿಳ್ಕೊಳ್ಳಿ. ಈಮೇಲ್‌ನಲ್ಲಿರುವ ನಂಬರ್‌ಗೆ ಫೋನ್ ಮಾಡಬೇಡಿ, ನೀವೇ ಮೊದಲು ಬರೆದಿಟ್ಟುಕೊಂಡ ನಂಬರ್‌ಗೆ ಮಾಡಿ, ಅಂಕಿ ಅಂಕಿ ಓದಿಸಿ. ಕಮಿಟ್‌ಮೆಂಟ್ ಬಂದ ಮೇಲೆ ಬಿ, ಸಿ ಪುಟ ನನಗೂ ಕಳಿಸಿ, ಒಂದು ಸಲ ಕಣ್ಣಾಡಿಸ್ತೀನಿ.