ಮೈಲಿನ್ ಸುತ್ತಿದ್ಮೇಲೆ ಒಳಗಿರೋ ನರಕ್ಕೆ ಊಟ ಎಲ್ಲಿಂದ?

ಮೈಲಿನ್ (ನರತಂತು ಸುತ್ತ ಪದರಪದರವಾಗಿರೋ ಕೊಬ್ಬಿನ ಹೊದಿಕೆ) ಅಷ್ಟು ಬಿಗಿಯಾಗಿ ಸುತ್ಕೊಂಡಿದ್ರೆ ಒಳಗಿನ ನರತಂತುಗೆ ಗ್ಲೂಕೋಸ್ ಹೋಗೋದು ಹೇಗೆ ಅಂತ ಕೇಳಿದ್ದೀರಲ್ಲ, ತುಂಬಾ ಒಳ್ಳೆ ಪ್ರಶ್ನೆ ಸರ್, ಯಾಕಂದ್ರೆ ಎಷ್ಟೋ ವರ್ಷ ಮೈಲಿನ್ ಅಂದ್ರೆ ವೈರ್ ಮೇಲಿನ ಪ್ಲಾಸ್ಟಿಕ್ ಥರ ಅಂತಾನೇ ಪಾಠ ಮಾಡ್ತಿದ್ರು.

ನೀವಂದಿದ್ದು ಸರಿ, ತಂತು ಹೊರಗೆ ತೆರ್ಕೊಂಡಿರೋದು ಮೈಲಿನ್ ತುಂಡುಗಳ ಮಧ್ಯೆ ಇರೋ ರಾನ್ವಿಯೆ ಗಂಟುಗಳಲ್ಲಿ ಮಾತ್ರ, ಅದೂ ಸುಮಾರು 1 ಮೈಕ್ರೋಮೀಟರ್ ಜಾಗ. ಸೊಂಟದಿಂದ ಪಾದಕ್ಕೆ ಹೋಗೋ ತಂತು ಹತ್ರತ್ರ 1 ಮೀಟರ್ ಉದ್ದ, ಕೋಶಕ್ಕೆ ಶಕ್ತಿ ಕೊಡೋ ಎಟಿಪಿನ ಅಷ್ಟು ದೂರ ಮೇಲಿಂದ ಸಪ್ಲೈ ಮಾಡೋಕೆ ಆಗಲ್ಲ, ಅಲ್ಲಲ್ಲೇ ತಯಾರಾಗ್ಬೇಕು.

ಮೆದುಳು, ಬೆನ್ನುಹುರಿಯಲ್ಲಿ ಮೈಲಿನ್ ಸುತ್ತೋ ಆಲಿಗೋಡೆಂಡ್ರೋಸೈಟ್ ಅನ್ನೋ ಕೋಶಾನೇ ಇದಕ್ಕೆ ಸಹಾಯ ಮಾಡೋದು. ಅದು ಗ್ಲೂಕೋಸ್ ತಗೊಂಡು ಅರ್ಧ ಒಡೆದು ಲ್ಯಾಕ್ಟೇಟ್ ಮಾಡುತ್ತೆ, ಮೈಲಿನ್ ಒಳಗಿರೋ ಸಣ್ಣ ಸಣ್ಣ ಕಾಲುವೆಗಳಲ್ಲಿ ಸಾಗಿಸಿ ಎಂಸಿಟಿ1 ಅನ್ನೋ ಬಾಗಿಲಿಂದ ಆಚೆ ಬಿಡುತ್ತೆ, ತಂತು ಅದನ್ನ ಎಂಸಿಟಿ2 ಬಾಗಿಲಿಂದ ಒಳಗೆಳ್ಕೊಂಡು ತನ್ನ ಮೈಟೋಕಾಂಡ್ರಿಯಾದಲ್ಲಿ ಉರಿಸುತ್ತೆ. 2012ರಲ್ಲಿ ಇಲಿಗಳಲ್ಲಿ ಈ ಎಂಸಿಟಿ1 ಕಮ್ಮಿ ಮಾಡಿ ನೋಡಿದ್ರು, ಮೈಲಿನ್ ಚೆನ್ನಾಗೇ ಇತ್ತು, ಆದ್ರೂ ಒಳಗಿನ ತಂತುಗಳು ಹಾಳಾದ್ವು! ಎಎಲ್‌ಎಸ್ (ಸ್ನಾಯುಗಳನ್ನ ನಡೆಸೋ ನರಕೋಶಗಳು ಸಾಯೋ ಕಾಯಿಲೆ) ಇದ್ದವರ ಮೆದುಳಲ್ಲೂ ಎಂಸಿಟಿ1 ಕಮ್ಮಿ ಇದ್ದಿದ್ದು ಆಗಲೇ ಗೊತ್ತಾಗಿದ್ದು.

ನಂಗೆ ತುಂಬಾ ಇಷ್ಟವಾದ ಭಾಗ ಅಂದ್ರೆ, ಹಸಿವಾಗಿದೆ ಅಂತ ತಂತು ಕೇಳೋ ರೀತಿ. ಸಿಗ್ನಲ್ ಜಾಸ್ತಿ ಓಡಿದಾಗ ತಂತುವಿಂದ ಗ್ಲುಟಮೇಟ್ ಅನ್ನೋ ಸಂದೇಶ ರಾಸಾಯನಿಕ ಹೊರಗೆ ಬರುತ್ತೆ, ಆಲಿಗೋಡೆಂಡ್ರೋಸೈಟ್ ಅದನ್ನ ಎನ್‌ಎಂಡಿಎ ರಿಸೆಪ್ಟರ್ ಮೂಲಕ ಗುರುತಿಸಿ ತನ್ನ ಮೈಮೇಲೆ ಇನ್ನಷ್ಟು ಗ್ಲೂಟ್1 (ಗ್ಲೂಕೋಸ್ ಒಳಗೆ ಬಿಡೋ ಬಾಗಿಲು) ತಂದು ನಿಲ್ಸುತ್ತೆ, ಆಗ ಗ್ಲೂಕೋಸ್ ಒಳಗೆ ಬರೋದೂ ಜಾಸ್ತಿಯಾಗುತ್ತೆ. ಕ್ಲೌಸ್-ಆರ್ಮಿನ್ ನಾವೆ ಅವರ ಜರ್ಮನಿಯ ತಂಡ 2016ರಲ್ಲಿ ಇದನ್ನ ತೋರಿಸ್ತು. ಕೈಕಾಲಿನ ನರಗಳಲ್ಲಿ ಮೈಲಿನ್ ಸುತ್ತೋದು ಶ್ವಾನ್ ಕೋಶ, ಅಲ್ಲಿ ತಂತು ನೋಡ್ಕೊಳ್ಳೋ ಕೆಲಸಾನೂ ಅದರದ್ದೇ.