ಅಟ್ಟಕ್ಕೆ ಹಾಕುವ ಮೊದಲು ಅವರಿಗೊಂದು ಮಾತು ಹೇಳಿ

ಪ್ರಶ್ನೆ: ನನಗೆ 28 ವರ್ಷ. ಊರು ಮೈಸೂರು, ಕೆಲಸ ಬೆಂಗಳೂರಿನಲ್ಲಿ. ಮೊದಲ ಸಂಬಳದಿಂದಲೂ ಸೂಪರ್‌ಹೀರೋ ಆ್ಯಕ್ಷನ್ ಫಿಗರ್ (ಕೈಕಾಲು ಆಡಿಸಬಹುದಾದ ಗೊಂಬೆ) ಕೂಡಿಸುತ್ತಿದ್ದೇನೆ, ಹೆಚ್ಚಿನವು ಮಾರ್ವೆಲ್ ಲೆಜೆಂಡ್ಸ್ ಸರಣಿಯವು. ಈಗ 92 ಇವೆ. ಬಿಡಿಭಾಗ ಸೇರಿಸಿ ಕಟ್ಟುವ ಒಂದು ದೊಡ್ಡ ಬಿಲ್ಡ್-ಎ-ಫಿಗರ್‌ಗೆ ಎಡಗೈ ಮಾತ್ರ ಸಿಕ್ಕಿಲ್ಲ. ಈಗ ಮದುವೆ ಗೊತ್ತಾಗಿದೆ. ಅಮ್ಮ ನನಗಾಗಿ ಪಟ್ಟದ ಗೊಂಬೆ ತಂದಿಟ್ಟಿದ್ದಾರೆ. ನನ್ನ ಗೊಂಬೆಗಳನ್ನು ಮಾತ್ರ "ಮಾರಿಬಿಡು, ಇಲ್ಲ ಅಟ್ಟಕ್ಕೆ ಹಾಕು, ಗಂಡಿನ ಕಡೆಯವರು ಏನಂದುಕೊಂಡಾರು" ಅನ್ನುತ್ತಾರೆ. ಹುಡುಗ ಒಳ್ಳೆಯವರು. ಆದರೂ ಹೇಳಲು ನಾಚಿಕೆ, ಭಯ. ಏನು ಮಾಡಲಿ?

ಉತ್ತರ: ಮೊದಲು ಅಟ್ಟದ ವಿಷಯ ಮುಗಿಸೋಣ. ಅಲ್ಲಿಗೆ ಮಾತ್ರ ಹಾಕಬೇಡಿ. ಈ ಗೊಂಬೆಗಳಲ್ಲಿ ಪಿವಿಸಿ ಪ್ಲಾಸ್ಟಿಕ್ ಜಾಸ್ತಿ. ಅದು ಮೆತ್ತಗಿರಲೆಂದು ಬೆರೆಸಿದ ಎಣ್ಣೆಯಂಥ ಪದಾರ್ಥ ಬೇಸಿಗೆಯ ಝಳಕ್ಕೆ ನಿಧಾನವಾಗಿ ಜಿನುಗುತ್ತದೆ. ಆಮೇಲೆ ತೆಗೆದು ನೋಡಿದರೆ ಮೈಯೆಲ್ಲ ಅಂಟಂಟು, ಕಾಲು ಸೊಟ್ಟ. ನೆರಳಿನ ಕೋಣೆಯ ಬೀರುವೇ ಸರಿ. ಮಾರುವುದೂ ಈಗ ಬೇಡ. ಹೆದರಿ ಮಾರಿದ್ದಕ್ಕೆ ಬೆಲೆಯೂ ಬರುವುದಿಲ್ಲ, ಆ ಬೇಜಾರು ಹೊಸ ಮನೆಗೂ ನಿಮ್ಮ ಜೊತೆ ಬರುತ್ತದೆ.

ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರಿಗೆ ಸಂಬಂಧದ ಚಿಂತೆ. ರಾಣಿಗೆ ಸೀರೆ ಉಡಿಸಿ, ರಾಜನಿಗೆ ಪೇಟ ಸುತ್ತಿ, ದಸರಾ ಮುಗಿದ ಮೇಲೆ ಒಂದೊಂದನ್ನೂ ಹಳೇ ಪಂಚೆಯಲ್ಲಿ ಜೋಪಾನವಾಗಿ ಸುತ್ತಿಡುವವರು ಅವರು. ಗೊಂಬೆ ಮೇಲಿನ ಪ್ರೀತಿ ಅವರಿಗೆ ತಿಳಿಯದೇ? ಒಂದು ಸಂಜೆ ಪಕ್ಕದಲ್ಲಿ ಕೂತು ಒಂದು ಗೊಂಬೆ ಅವರ ಕೈಗೆ ಕೊಡಿ. ಆರಿಂಚಿನ ಮೈಯಲ್ಲಿ ಭುಜ, ಮೊಣಕೈ, ಮಣಿಕಟ್ಟು, ಮೊಣಕಾಲು, ಎಲ್ಲೆಲ್ಲೂ ಕೀಲು. ಅವರೇ ತಿರುಗಿಸಿ ನೋಡಲಿ.

ಹುಡುಗನಿಗೆ ಮದುವೆಗೆ ಮುಂಚೆಯೇ, ನೀವೇ ಹೇಳಬೇಕು. ಪತ್ರದಲ್ಲಿ ಎಷ್ಟು ಗೊಂಬೆ ಎಂದು ಬರೆದಿದ್ದೀರಿ, ಎಷ್ಟು ದುಡ್ಡು ಎಂದು ಬರೆದಿಲ್ಲ. ನಿಮ್ಮ ಭಯ ಇರುವುದು ಅಲ್ಲೇ ಅನ್ನಿಸಿತು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಹೊರಗಿನಿಂದ ತರಿಸಿಕೊಂಡಿದ್ದರೆ ಕೈ ಎಷ್ಟು ಸುಟ್ಟಿರಬಹುದು ಅಂತ ಊಹಿಸಬಲ್ಲೆ. ಕೂತು ಲೆಕ್ಕ ಹಾಕಿ. ಸಾಲವೋ ಇಎಂಐಯೋ ಇದ್ದರೆ ಅದನ್ನೂ ಸೇರಿಸಿ. ಇನ್ನು ಮುಂದೆ ತಿಂಗಳಿಗೆ ಎಷ್ಟು ಖರ್ಚು ಮಾಡುತ್ತೀರಿ ಅಂತಲೂ ನಿಮ್ಮಷ್ಟಕ್ಕೆ ನೀವು ಗೊತ್ತು ಮಾಡಿಕೊಳ್ಳಿ. ಆ ಚೀಟಿ ಹಿಡಿದುಕೊಂಡೇ ಮಾತಾಡಿ. ದುಡ್ಡಿನ ವಿಷಯ ಆರು ತಿಂಗಳು ಬಿಟ್ಟು ಬೇರೆ ಕಡೆಯಿಂದ ತಿಳಿದರೆ ಯಾರಿಗಾದರೂ ನೋವಾಗುತ್ತದೆ.

ಆಮೇಲೆ ಎಡಗೈ ಇಲ್ಲದ ಆ ದೊಡ್ಡ ಗೊಂಬೆಯನ್ನೇ ತೋರಿಸಿ. ಒಂದೊಂದು ಡಬ್ಬಿಯಲ್ಲಿ ಅದರ ಒಂದೊಂದು ಭಾಗ ಬರುತ್ತದೆ, ಸರಣಿ ಪೂರ್ತಿಯಾದರೆ ಮಾತ್ರ ಗೊಂಬೆ ಪೂರ್ತಿ ಅಂತ ವಿವರಿಸಿ. ಅವರು ನಕ್ಕರೆ ನಗಲಿ, ನೀವೂ ನಗಿ.

ಬೇಡ ಅಂದರೆ ಯಾಕೆ ಅಂತ ಕೇಳಿ. ಮನೆ ಚಿಕ್ಕದು ಅಂದರೆ ಮೂವತ್ತು ಜೊತೆಗೆ ಒಯ್ಯಿರಿ, ಉಳಿದವು ಅಮ್ಮನ ಬೀರುವಿನಲ್ಲಿರಲಿ. "ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ" ಅಂದರೆ, ಆ ಮಾತು ಮುಹೂರ್ತಕ್ಕೆ ಮುಂಚೆಯೇ ಕಿವಿಗೆ ಬಿದ್ದದ್ದು ಒಳ್ಳೆಯದಾಯಿತು. ಆಗ ನನಗೆ ಇನ್ನೊಂದು ಪತ್ರ ಬರೆಯಿರಿ.