ಮೊಣಕಾಲಿನ ಪುಡಿ ಮತ್ತು ದುಂಡಗಾದ ಮುಖ

ಪ್ರಶ್ನೆ: ಡಾಕ್ಟರ್ ಸಾಹೇಬ್ರೆ, ನಮ್ಮವ್ವನಿಗೆ 58 ವರ್ಷ. ಮೊಣಕಾಲು ನೋವು ಅಂತ ನಾಲ್ಕು ವರ್ಷ ನರಳಿದರು. ಕಳೆದ ಜಾತ್ರೆಯಲ್ಲಿ ಒಬ್ಬರು ಕೊಟ್ಟ ಕಂದು ಪುಡಿ ತಗೊಂಡ ಎರಡನೇ ದಿನಕ್ಕೇ ಎದ್ದು ಹೊಲಕ್ಕೆ ಹೋದರು. 30 ಪೊಟ್ಟಣಕ್ಕೆ 600 ರೂಪಾಯಿ, ಆದರೂ ಬಿಡದೆ ತರಿಸಿದೆವು. ಈಗ ಎಂಟು ತಿಂಗಳಾಯ್ತು. ಮುಖ ದುಂಡಗಾಗಿದೆ, ಊರವರು ಚಲೋ ಮೈ ಹಿಡಿದಾರ ಅಂತಾರೆ. ಆದರೆ ಕೈಕಾಲು ಸಣ್ಣಗಾಗಿವೆ, ಸ್ವಲ್ಪ ತಗುಲಿದರೂ ನೀಲಿ ಕಲೆ ಬೀಳುತ್ತದೆ. ಮೊನ್ನೆ ಶುಗರ್ ನೋಡಿಸಿದರೆ 280. ಪುಡಿ ಬಿಡಿಸಲೇ?
– ಹೆಸರು ಬೇಡ, ಆಳಂದ ತಾಲ್ಲೂಕು

ಉತ್ತರ: ಬಿಡಿಸಬೇಕು. ಆದರೆ ಇವತ್ತೇ ತಟ್ಟನೆ ಬೇಡ. ಇದನ್ನೇ ಮೊದಲು ಬರೆಯುತ್ತಿದ್ದೇನೆ, ಯಾಕೆಂದರೆ ಕೆಲವರು ಗಾಬರಿಯಾಗಿ ಪೊಟ್ಟಣ ಎಲ್ಲಾ ತಿಪ್ಪೆಗೆ ಎಸೆದು, ಎರಡು ಮೂರು ದಿನದಲ್ಲೇ ವಾಂತಿ, ಸುಸ್ತು ಶುರುವಾಗಿ, ಬಿ.ಪಿ. ಇಳಿದು, ಎತ್ತಿಕೊಂಡು ಬರುವ ಸ್ಥಿತಿಗೆ ಹೋಗುತ್ತಾರೆ. ನಾಳೆಯೇ ಅವ್ವನನ್ನು ಕರೆದುಕೊಂಡು ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಹೋಗಿ, ಮೆಡಿಸಿನ್ ವಿಭಾಗದಲ್ಲಿ ತೋರಿಸಿ. ಉಳಿದ ಪೊಟ್ಟಣಗಳೂ ಜೊತೆಗಿರಲಿ. ಪುಡಿ ತಿಂದದ್ದನ್ನು ಮುಚ್ಚಿಡಬೇಡಿ. ಬೈಯಿಸಿಕೊಂಡರೂ ಪರವಾಗಿಲ್ಲ.

ನೋಡದೆ ಖಾತ್ರಿ ಹೇಳಲಾರೆ. ಆದರೆ ದುಂಡು ಮುಖ, ಸಣ್ಣಗಾದ ಕೈಕಾಲು, ನೀಲಿ ಕಲೆ, ಏರಿದ ಶುಗರ್, ಇಷ್ಟೂ ಒಟ್ಟಿಗೆ ಕಂಡರೆ ನನಗೆ ಬರುವ ಅನುಮಾನ ಒಂದೇ, ಸ್ಟೆರಾಯ್ಡ್. ಬೇರು ನಾರು ಕುಟ್ಟಿದ ಪುಡಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಮಾತ್ರೆ ಅರೆದು ಬೆರೆಸುವುದು ಹಳೇ ಕೈಚಳಕ. ಮಾತ್ರೆ ತೀರಾ ಅಗ್ಗ. 600 ರೂಪಾಯಿ ನೀವು ಕೊಟ್ಟದ್ದು ಬೇರಿನ ಹೆಸರಿಗೆ.

ಇಲ್ಲಿ ಒಂದು ವಿಚಿತ್ರ ಇದೆ. ನಿಮ್ಮ ಪುಡಿ ಸುಳ್ಳಲ್ಲ, ಅವ್ವನ ನೋವು ನಿಜವಾಗಿಯೂ ಹೋಗಿತ್ತು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಕೀಲುವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಣ್ಣುಮಗಳಿಗೆ ಇದೇ ಸ್ಟೆರಾಯ್ಡ್ ಜಾತಿಯ ಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟಾಗಲೂ ಹೀಗೇ ಆಗಿತ್ತು. ಕೆಲವೇ ದಿನಗಳಲ್ಲಿ ಆಕೆ ಎದ್ದು ಪೇಟೆಗೆ ಹೋಗಿ ಬಂದಳು. 1950ಕ್ಕೆ ನೊಬೆಲ್ ಕೂಡ ಬಂತು. ಆಮೇಲೆ ನಿಧಾನಕ್ಕೆ ಒಂದೊಂದೇ ಹೊರಬಿತ್ತು. ಮುಖ ಊದುವುದು, ಎಲುಬು ಟೊಳ್ಳಾಗುವುದು, ಹೊಟ್ಟೆಯಲ್ಲಿ ಹುಣ್ಣು. ಹಾಗಂತ ಡಾಕ್ಟರುಗಳು ಆ ಔಷಧ ಬಿಡಲಿಲ್ಲ, ಯಾರಿಗೆ, ಎಷ್ಟು, ಎಷ್ಟು ದಿನ ಅಂತ ಲೆಕ್ಕ ಇಡಲು ಕಲಿತರು. 2020ರಲ್ಲಿ ಆಕ್ಸಿಜನ್ ಬೇಕಾಗಿದ್ದ ಎಷ್ಟೋ ಕೋವಿಡ್ ರೋಗಿಗಳ ಜೀವ ಉಳಿಸಿದ್ದು ಇದೇ ಡೆಕ್ಸಾಮೆಥಾಸೋನ್. ಜಾತ್ರೆಯ ಪೊಟ್ಟಣದಲ್ಲಿ ಆ ಲೆಕ್ಕ ಇಡುವವರು ಯಾರು? ಒಂದು ಪೊಟ್ಟಣದಲ್ಲಿ ಅರ್ಧ ಮಾತ್ರೆ ಇರಬಹುದು, ಇನ್ನೊಂದರಲ್ಲಿ ಮೂರು.

ತಟ್ಟನೆ ನಿಲ್ಲಿಸಬೇಡಿ ಅಂದದ್ದು ಯಾಕೆಂದರೆ, ಮೂತ್ರಪಿಂಡದ ಮೇಲೆ ಟೊಪ್ಪಿಗೆಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ದಿನಾ ಇದೇ ಜಾತಿಯ ರಸ ಮಾಡುತ್ತದೆ. ಹೊರಗಿನಿಂದ ಪುಕ್ಕಟೆ ಬರತೊಡಗಿದರೆ ಮಲಗಿಬಿಡುತ್ತದೆ. ಎಂಟು ತಿಂಗಳು ಮಲಗಿದ್ದು ಒಂದೇ ದಿನಕ್ಕೆ ಏಳುವುದಿಲ್ಲ. ಅದಕ್ಕೇ ಅಳತೆ ಗೊತ್ತಿರುವ ಮಾತ್ರೆ ಕೊಟ್ಟು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಳಿಸುತ್ತಾ ಬರುತ್ತಾರೆ. ಬೆಳಿಗ್ಗೆ 8 ಗಂಟೆಗೆ ರಕ್ತ ತೆಗೆದು ಆ ರಸ, ಅಂದರೆ ಕಾರ್ಟಿಸಾಲ್, ಎಷ್ಟಿದೆ ಅಂತ ನೋಡಿ, ಗ್ರಂಥಿ ಎದ್ದಿದೆಯೋ ಇಲ್ಲವೋ ತಿಳಿದುಕೊಳ್ಳುತ್ತಾರೆ.

ಇನ್ನು ಮೊಣಕಾಲು. ನೋವು ವಾಪಸ್ ಬರುತ್ತದೆ, ಅವ್ವ ನಿಮ್ಮನ್ನೇ ಬೈಯುತ್ತಾರೆ, ತಯಾರಾಗಿರಿ. ಒಲೆ ಮುಂದೆ ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು, ತೊಗರಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕಸ ತೆಗೆಯುವುದು ಎರಡನ್ನೂ ಬಿಡಿಸಿ. ರೊಟ್ಟಿ ಕಟ್ಟೆ ಮೇಲೆ ನಿಂತು ಬಡಿಯಲಿ, ಇಲ್ಲಾ ಸೊಸೆಯೋ ಮಗನೋ ಬಡಿಯಲಿ (ಮಗ ಅಂದರೆ ನೀವೇ). ಕುರ್ಚಿ ಮೇಲೆ ಕೂತು ಒಂದೊಂದೇ ಕಾಲು ನೆಟ್ಟಗೆ ಚಾಚಿ ಐದು ಎಣಿಸುವುದು, ಹತ್ತು ಸಲ, ದಿನಕ್ಕೆ ಎರಡು ಹೊತ್ತು. ತೊಡೆ ಗಟ್ಟಿಯಾದಷ್ಟು ಮೊಣಕಾಲಿನ ಭಾರ ಕಡಿಮೆ. ಇದು ಎರಡು ದಿನಕ್ಕೆ ಏನೂ ಮಾಡಲ್ಲ. ಆರು, ಎಂಟು ವಾರ ಬೇಕು. ಪುಡಿ ಮಾರುವವನ ಎದುರು ನಾವು ಸೋಲುವುದು ಇಲ್ಲೇ ನೋಡಿ.

ಪ್ರಶ್ನೆ: ಸರ್, ನನ್ನ ಮಗನಿಗೆ 15 ವರ್ಷ. ಎರಡು ವರ್ಷದಿಂದ ದಿನಾ ಇನ್ಸುಲಿನ್. ನಮ್ಮ ಮನೆಯವರ ಸಂಬಂಧಿಕರು ಒಂದು ಕಷಾಯ ಹೇಳಿದ್ದಾರೆ, ಅದು ಕೆಲಸ ಮಾಡಬೇಕಾದರೆ ಸೂಜಿ ಪೂರ್ತಿ ಬಿಡಬೇಕಂತೆ. 40 ದಿನ ನೋಡೋಣ ಅಂತ ಮನೆಯಲ್ಲಿ ಎಲ್ಲರೂ ಹಟ ಹಿಡಿದಿದ್ದಾರೆ.
– ಒಬ್ಬ ತಾಯಿ, ಹುಮನಾಬಾದ್

ಉತ್ತರ: ಅಕ್ಕಾರೆ, 40 ದಿನ ಅಲ್ಲ, ಒಂದು ದಿನವೂ ಬಿಡಬೇಡಿ. ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಬರುವ ಶುಗರ್‌ನಲ್ಲಿ ದೇಹ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸಿರುತ್ತದೆ. ದೊಡ್ಡವರ ಶುಗರ್ ಬೇರೆ, ಅವರಿಗೆ ಊಟ ಕಡಿಮೆ ಮಾಡಿಯೋ ನಡೆದಾಡಿಯೋ ಸ್ವಲ್ಪ ಇಳಿಯಬಹುದು, ಆ ಉದಾಹರಣೆ ತಂದು ನಿಮ್ಮ ಮಗನ ಮೇಲೆ ಹಾಕುವುದು ತಪ್ಪು. ಸೂಜಿ ಬಿಟ್ಟರೆ ವಾಂತಿ, ಹೊಟ್ಟೆನೋವು, ಜೋರು ಜೋರು ಉಸಿರು ಶುರುವಾಗುತ್ತದೆ. ಹಾಗೇನಾದರೂ ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಓಡಿ.

ಮನೆಯವರಿಗೆ ಇದನ್ನು ಓದಿ ಹೇಳಿ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲೆನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಅಲ್ಲಿವರೆಗೆ ಇಂಥ ಮಕ್ಕಳಿಗೆ ಊಟ ಕಡಿಮೆ ಮಾಡಿ ಉಪವಾಸ ಕೆಡವುವುದು ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಎಲುಬಿನ ಗೂಡಾಗಿದ್ದ ಆ ಹುಡುಗ ಮುಂದೆ 13 ವರ್ಷ ಬದುಕಿದ. ಕಂಡುಹಿಡಿದವರು ಪೇಟೆಂಟನ್ನು ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಪವಾಡ ಬೇಕು ಅನ್ನುವವರ ಮನೆಯಲ್ಲೇ ಪವಾಡ ಇದೆ, ಸೂಜಿ ಅಂತ ಯಾರಿಗೂ ಕಾಣುತ್ತಿಲ್ಲ.

ನಮ್ಮ ಕಡೆ ಬಿಸಿಲಿಗೆ ಇನ್ಸುಲಿನ್ ಕೆಡುತ್ತದೆ, ಅದೂ ನೆನಪಿರಲಿ. ಫ್ರಿಜ್ ಇಲ್ಲದಿದ್ದರೆ ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಒದ್ದೆ ಉಸುಕು ತುಂಬಿ, ಒಳಗಿನದರಲ್ಲಿ ಸೀಸೆ ಇಡಿ. ಬಿಸಿಲು ಬೀಳದ ಕಡೆ ಇರಲಿ.

ಪ್ರಶ್ನೆ: ನೀವು ಯಾವಾಗಲೂ ನಾಟಿ ಔಷಧದ ಮೇಲೆ ಬೀಳುತ್ತೀರಿ. ಹಂಗಾದ್ರೆ ನಮ್ಮ ಹಿರಿಯರು ಎಲ್ಲಾ ದಡ್ಡರಾ? ಮತ್ತೆ ಗೋಡೆಗೋಡೆಗೂ ಶುಗರ್ ವಾಸಿ, ಲಕ್ವ ವಾಸಿ ಅಂತ ಬರೆದಿರುತ್ತಾರೆ, ಸುಳ್ಳಾದರೆ ಸರ್ಕಾರ ಸುಮ್ನಿರ್ತದಾ?
– ಸುರಪುರದ ಓದುಗ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. ಶುಗರ್, ಲಕ್ವ, ಮೂರ್ಛೆರೋಗ, ಕ್ಯಾನ್ಸರ್ ಇಂಥವನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದೇ ಅಪರಾಧ ಎಂದು 1954ರಲ್ಲೇ ಕಾನೂನು ಬಂದಿದೆ. ಗೋಡೆಗಳು ಅದನ್ನು ಓದಿಲ್ಲ.

ಹಿರಿಯರು ದಡ್ಡರಲ್ಲ. ಸರ್ಪಗಂಧದ ಬೇರನ್ನು ಅವರು ಎಷ್ಟೋ ಕಾಲದಿಂದ ಬಳಸುತ್ತಿದ್ದರು. 1949ರಲ್ಲಿ ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ ಅದು ಬಿ.ಪಿ. ಇಳಿಸುವುದನ್ನು ರೋಗಿಗಳಲ್ಲಿ ನೋಡಿ, ಲೆಕ್ಕ ಬರೆದು, ಇಂಗ್ಲೆಂಡಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತೇ ತಿರುಗಿ ನೋಡಿತು. ಮೂಗು ಕಟ್ಟುತ್ತದೆ, ಮನಸ್ಸಿಗೆ ಮಂಕು ಕವಿಯಬಹುದು ಎಂಬುದೂ ಆಮೇಲೆ ಬೆಳಕಿಗೆ ಬಂತು. ಬೇರು ಯಾವುದು, ಎಷ್ಟು, ತಿಂದವರಿಗೆ ಏನಾಯಿತು ಅಂತ ಹೇಳುವವರ ಜೊತೆ ನನಗೆ ಜಗಳವೇ ಇಲ್ಲ. ನಿಮ್ಮ ಊರಿನ ವೈದ್ಯರು ಪುಡಿಯಲ್ಲಿರುವುದರ ಹೆಸರು ಹೇಳಿದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದರ ಬಗ್ಗೆಯೇ ಬರೆಯುತ್ತೇನೆ.